ಬಯಲಿನಲ್ಲಿ ಉಡಿ ತುಂಬಿದ ದಿನ

ಅಕ್ಕನಿಗೆ ನಾನು ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ವೇಳೆ ಸಿಗಲಿಲ್ಲವೆಂದು ಹೇಳಿಕೊಳ್ಳುವ ಹಾಗೂ ಇಲ್ಲ. ದಿನಾ ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದೇ ನಾನು ನನ್ನ ಮನೆಗೆ ಹೋಗುತ್ತಿದ್ದೆ. ಅವಳು ಊರ ಹೆಂಗಸರಿಗೆ ಉಡಿ ತುಂಬಲು ಸಂಭ್ರಮದಿಂದ ತಯಾರಾಗುತ್ತಿದ್ದ ಕಾರ್ಯಕ್ರಮ, ಅವಳ ಜೀವದ ಗೆಳತಿಯನ್ನು ಚುನಾವಣೆಯಲ್ಲಿ ಸೋಲಿಸಲೆಂದೇ ಹೂಡಿದ್ದಾಗಿತ್ತು. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಾನು ಕಲಿತದ್ದು ಐದನೆಯ ಇಯತ್ತೆ. ಬರೆಯುವ ರೂಢಿ ನನಗಿಲ್ಲ. ತಪ್ಪುಗಳನ್ನು ತಿದ್ದಿಸಿಕೊಂಡು ಇದನ್ನು ಬರೆದಿದ್ದೇನೆ. ತಿದ್ದಿದವರು ಮಾತು ಮೆತ್ತಗೆ ಮಾಡಲು ನೋಡಿದಾಗ ಬೇಡವೆಂದೆ.

ನಮ್ಮದು ಬನಹಟ್ಟಿ. ಅಕ್ಕನನ್ನು ಕೊಟ್ಟದ್ದೂ ಅದೇ ಊರಿಗೆ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಅವಳು ಮದುವೆಯಾಗಿ ಬಂದ ವರ್ಷವೇ ಎದುರು ಮನೆಗೆ ತೇರದಾಳದಿಂದ ಇನ್ನೊಬ್ಬ ಸೊಸೆ ಬಂದಳು. ಇಬ್ಬರೂ ಹೊಸಬರು, ಇಬ್ಬರಿಗೂ ಅತ್ತೆಯರ ಅಂಜಿಕೆ. ಕಂಡಕಿಯೆಂಬ ಸಣ್ಣ ಕೊಳವೆಗೆ ನೂಲು ಸುತ್ತುತ್ತ, ಮಗ್ಗದ ಗದ್ದಲದಲ್ಲಿ ಕಣ್ಣಿನಿಂದಲೇ ಮಾತಾಡುತ್ತ, ಒಬ್ಬಳ ಬಾಣಂತನಕ್ಕೆ ಇನ್ನೊಬ್ಬಳು ನಿಂತು ಗೆಳತಿಯರಾದರು. ಆ ಗೆಳತಿಯ ಗಂಡ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ. ಮಗ್ಗ ಮಾರಿಬಿಡು ಎಂದು ಬೀಗರೆಲ್ಲ ಹೇಳಿದರು. ಗೆಳತಿ ಮಾರಲಿಲ್ಲ. ತಾವೇ ಶೆಡ್ಡಿನಲ್ಲಿ ನಿಂತು ಪಾವರ್‌ಲೂಮು ನಡೆಸಿದರು. ನಾನು ಅವರನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದೆ.

ಓಣಿಯ ತುದಿಯಲ್ಲಿ ಒಂದು ಬಯಲು ಇತ್ತು. ಬಣ್ಣ ಹಾಕಿದ ನೂಲನ್ನು ಅಲ್ಲಿ ಬಿದಿರಿನ ಗಳಗಳ ಮೇಲೆ ಒಣಹಾಕುತ್ತಿದ್ದರು. ಯಾರದೆಂದು ಯಾರೂ ಕೇಳಿರಲಿಲ್ಲ, ಅಜ್ಜಂದಿರ ಕಾಲದಿಂದ ಎಲ್ಲರೂ ಬಳಸಿದ ಜಾಗ. ಅಲ್ಲಿ ಅಂಗಡಿಗಳ ದೊಡ್ಡ ಕಟ್ಟಡ ಬರುತ್ತದೆ ಎಂಬ ಸುದ್ದಿ ಎದ್ದಿತು. ಅಕ್ಕನ ಗೆಳತಿ ಅದಕ್ಕೆ ಅಡ್ಡ ನಿಂತರು. ನಗರಸಭೆಗೆ ಅರ್ಜಿ ಕೊಟ್ಟರು, ಜಮಖಂಡಿಯ ಕಚೇರಿಗಳಿಗೆ ಅಲೆದರು. ಆ ಹೊತ್ತಿಗೆ ನಗರಸಭೆಯ ಚುನಾವಣೆ ಬಂತು. ಯಾವ ಪಕ್ಷದ ಹಂಗೂ ಇಲ್ಲದೆ ನಮ್ಮ ವಾರ್ಡಿಗೆ ತಾವೇ ನಿಂತರು. ಅವರು ಗೆದ್ದರೆ ಬಯಲು ಉಳಿಯುತ್ತದೆ, ಸೋತರೆ ಹೋಗುತ್ತದೆ ಎಂಬುದು ಓಣಿಯ ಸಣ್ಣ ಮಕ್ಕಳಿಗೂ ತಿಳಿದಿತ್ತು.

ನಾನು ಆಗ ಜಮಖಂಡಿಯ ಒಂದು ಸೇವಾ ಸಂಸ್ಥೆಯಲ್ಲಿ ಡ್ರೈವರ್. ನಾನು ದುಡಿಯುತ್ತಿದ್ದ ಶೆಡ್ಡಿನ ಮಾಲಕ ಮಗ್ಗಗಳನ್ನು ಗುಜರಿಗೆ ಹಾಕಿದ ಮೇಲೆ ಈ ಕೆಲಸ ಹಿಡಿದಿದ್ದೆ. ಸಂಸ್ಥೆ ಬರೀ ಸುಳ್ಳಿನದು ಎಂದರೆ ಅದೂ ತಪ್ಪಾಗುತ್ತದೆ. ಹೊಲಿಗೆ ಕಲಿಸುತ್ತಿದ್ದರು. ಕಣ್ಣು ತಪಾಸಣೆ ಮಾಡಿಸುತ್ತಿದ್ದರು. ನನ್ನ ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದು ಅವರೇ. ಅದರ ಸಂಗಡ ಊರೂರಿಗೆ ಹೋಗಿ ತಾಯಂದಿರ ಜಾಗೃತಿ ಸಭೆ ಮಾಡುತ್ತಿದ್ದರು. ಯಾವ ಪಕ್ಷದ ಹೆಸರೂ ಅಲ್ಲಿ ಬರುತ್ತಿರಲಿಲ್ಲ. ಆದರೆ ಸಭೆ ಮುಗಿಸಿ ಎದ್ದ ಹೆಂಗಸರಿಗೆ ಯಾರಿಗೆ ವೋಟು ಹಾಕಬಾರದೆಂದು ಚೆನ್ನಾಗಿ ತಿಳಿದಿರುತ್ತಿತ್ತು.

ಗಾಡಿಯ ಹಿಂದೆ ನಾಲ್ಕಾರು ಬ್ಯಾನರ್ ಸುತ್ತಿ ಇಟ್ಟಿರುತ್ತಿದ್ದೆವು. ಮುಧೋಳದ ಕಡೆ ಹೋದರೆ ಕಬ್ಬಿನ ಚಿತ್ರವಿದ್ದ ರೈತ ತಾಯಂದಿರ ಬ್ಯಾನರ್. ಬೀಳಗಿಯ ಕಡೆಗೆ ಡ್ಯಾಮಿನ ನೀರಿನಲ್ಲಿ ಊರು ಮುಳುಗಡೆಯಾದವರ ಬ್ಯಾನರ್. ನಮ್ಮ ರಬಕವಿ-ಬನಹಟ್ಟಿಗೆ ನೇಕಾರ ತಾಯಂದಿರದು. ಊರು ಬದಲಾದಂತೆ ಸಂಘದ ಹೆಸರೂ ಬದಲಾಗುತ್ತಿತ್ತು. ಗಾಡಿ, ಮೈಕು, ಮಾತಾಡುವವರು ಮಾತ್ರ ಅವರೇ. ಒಮ್ಮೆ ಬೀಳಗಿ ತಾಲೂಕಿನ ಒಂದು ಪುನರ್ವಸತಿ ಊರಿನಲ್ಲಿ ಅವಸರದಲ್ಲಿ ಮುಧೋಳದ ಬ್ಯಾನರ್ ಬಿಚ್ಚಿ ಕಟ್ಟಿಬಿಟ್ಟೆ. ಮುಂದೆ ಕುಳಿತ ಒಬ್ಬ ಮುದುಕಿ ಅದನ್ನು ಬಹಳ ಹೊತ್ತು ನೋಡಿದಳು.

“ಯಪ್ಪಾ, ನಮ್ಮ ಹೊಲ ನೀರಾಗ ಹೋಗಿ ಎಷ್ಟ ವರ್ಸಾತು, ನೀವು ಕಬ್ಬಿನ ಚಿತ್ರ ತಂದ ಕಟ್ಟೀರಲ್ಲೋ!”

ಹೆಂಗಸರೆಲ್ಲ ನಕ್ಕರು. ಸಂಸ್ಥೆ ನಡೆಸುವ ಸಾಹೇಬರೂ ನಗುತ್ತ ಎದ್ದು ನಿಂತರು. “ತಾಯಂದಿರು ಎಲ್ಲಾ ಕಡೆ ಒಂದ ಅಲ್ಲೇನ್ರಿ, ಅಜ್ಜಿ?”

“ಒಂದ ಆಗಿದ್ರ ಒಂದ ಬ್ಯಾನರ್ ಸಾಕಾಗ್ತಿತ್ತಲ್ಲ” ಎಂದಳು ಮುದುಕಿ.

ಆ ದಿನ ಹಿಂದಿರುಗುವಾಗ ಸಾಹೇಬರು ನನ್ನನ್ನು ಬೈಯಲಿಲ್ಲ. ಅವರು ಯಾರನ್ನೂ ಬೈಯುತ್ತಿರಲಿಲ್ಲ. ಒಂದು ದಿನ ನನ್ನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಆ ಕೋಣೆಯಲ್ಲಿ ನಾನು ಕುಳಿತದ್ದು ಅದೇ ಮೊದಲು.

“ನೇಕಾರರ ಸಂಘಕ್ಕ ಅಧ್ಯಕ್ಷರು ನೇಕಾರರ ಇರಬೇಕಲ್ರಿ. ನೀವು ಹುಟ್ಟಾ ನೇಕಾರರು. ನಿಮಗಿಂತ ಛಲೋ ಯಾರು?”

“ಸಾಹೇಬ್ರ, ನನಗ ನೆಟ್ಟಗ ಓದಾಕ ಬರೂದಿಲ್ರಿ.”

“ಓದೂದು ನಮ್ಮ ಕೆಲಸ. ಸಹಿ ನಿಮ್ಮ ಕೆಲಸ.”

ಚಹಾ ಬಂತು. ಬಿಸ್ಕಿಟ್ ಕೂಡ ಬಂತು. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ. ಅಡುಗೆ ಮಾಡುವ ಹೆಂಗಸು ಉಪಾಧ್ಯಕ್ಷೆಯಾದಳು. ರಾತ್ರಿ ಪಾಳಿಯ ವಾಚಮನ್ ಖಜಾಂಚಿಯಾದ. ಅವನು ಅಂದೇ ಹೊರಗೆ ಬಂದು, “ಅಧ್ಯಕ್ಷರ, ಗುಟ್ಕಾಕ್ಕ ಚಿಲ್ಲರ ಐತೇನ್ರಿ?” ಎಂದು ಕೈ ಒಡ್ಡಿದ. “ಖಜಾನಿ ನಿನ್ನ ಕೈಯಾಗೈತಲ್ಲೋ” ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನದಿಂದ ಕಚೇರಿಯ ಹುಡುಗಿಯರಿಗೂ ಅದೊಂದು ಚೇಷ್ಟೆಯಾಯಿತು: “ಅಧ್ಯಕ್ಷರ, ಗಾಡಿ ತೊಳದಾತೇನ್ರಿ?”

ಮುಂದಿನ ಕೆಲವು ತಿಂಗಳಲ್ಲಿ ನಗು ಕಡಿಮೆಯಾಯಿತು. ನಮ್ಮ ಸಂಘಕ್ಕೆ ಹಣ ಇನ್ನೊಂದು ಸಂಘದಿಂದ ಬರುತ್ತಿತ್ತು. ಅದಕ್ಕೆ ದೂರದ ಶಹರದ ಮತ್ತೊಂದರಿಂದ. ಅದರ ಆಚೆ ಯಾರಿದ್ದಾರೆಂದು ಇಂದಿಗೂ ನನಗೆ ಗೊತ್ತಿಲ್ಲ. ನಾನು ಒಮ್ಮೆ ಕೇಳಿದೆ. “ದಾನ ಅಂದ್ರ ಎಡಗೈಗೂ ತಿಳಿಬಾರದ್ರಿ” ಎಂದು ಸಾಹೇಬರು ಭುಜ ತಟ್ಟಿದರು. ಒಂದು ಮಾತು ಮಾತ್ರ ನನಗೆ ಅರ್ಥವಾಯಿತು. ನಾಳೆ ಯಾರಾದರೂ ಅಧಿಕಾರಿ ಬಂದು ಇದು ಯಾರ ಸಂಘ ಎಂದು ಕೇಳಿದರೆ ತೋರಿಸಲು ಇರುವ ಮುಖ ನನ್ನದು.

ಅಕ್ಕನನ್ನು ಇದರೊಳಗೆ ತಂದವನೂ ನಾನೇ. ಹೆಂಗಸರು ನಂಬುವಂಥ ಒಬ್ಬ ಹೆಣ್ಣುಮಗಳು ಬೇಕು ಎಂದು ಸಾಹೇಬರು ಹೇಳಿದಾಗ ನಾನು ಬೇರೆ ಯಾರನ್ನೂ ನೆನೆಯಲಿಲ್ಲ. ಅಕ್ಕ ಎಂದರೆ ಓಣಿಯಲ್ಲಿ ಎಲ್ಲರಿಗೂ ಬೇಕಾದವಳು. ಸೋಬಾನೆ ಹಾಡಲು ಅವಳು, ಮದುಮಕ್ಕಳಿಗೆ ಎಣ್ಣೆ ಹಚ್ಚಲು ಅವಳು. ಸಭೆಗಳಲ್ಲಿ ಅವಳನ್ನು ಸ್ಟೇಜಿನ ಮೇಲೆ ಕೂಡಿಸಿ ಶಾಲು ಹೊದಿಸಿದರು. ಅವಳನ್ನು ಗಾಡಿಯಲ್ಲಿ ಮನೆಯ ಬಾಗಿಲಿಗೇ ತಂದು ಇಳಿಸಿದಾಗ ಓಣಿಯವರು ನೋಡಲೆಂದು ನಾನು ಹಾರ್ನ್ ಬಾರಿಸುತ್ತಿದ್ದೆ. ಆ ಸುಖವನ್ನೂ ಇಲ್ಲಿ ಹೇಳಲೇಬೇಕು. ಬರೀ ಅಂಜಿಕೆಯಿಂದ ಸುಮ್ಮನಿದ್ದೆ ಎಂದರೆ ಅರ್ಧ ಸುಳ್ಳಾಗುತ್ತದೆ.

ಚುನಾವಣೆಗೆ ಕೆಲವೇ ವಾರ ಉಳಿದಿದ್ದಾಗ ಹೊರಗಿನಿಂದ ಒಬ್ಬರು ಬಂದರು. ಅವರನ್ನೂ ಸಾಹೇಬರನ್ನೂ ಕೂಡಿಸಿಕೊಂಡು ಜಮಖಂಡಿಯಿಂದ ಬನಹಟ್ಟಿಗೆ ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕುಳಿತವರು ಡ್ರೈವರನಿಗೆ ಕಿವಿಯೇ ಇಲ್ಲವೆನ್ನುವಂತೆ ಮಾತಾಡುತ್ತಾರೆ.

“ಆ ಹೆಣ್ಣುಮಗಳ ಮ್ಯಾಲ ಏನರ ಹೇಳಿದ್ರ ನಮಗ ಉಲ್ಟಾ ಹೊಡೀತೈತಿ. ಗಂಡ ಇಲ್ಲದಾಕಿ, ದುಡದ ತಿಂತಾಳ. ಎಲ್ಲಾರಿಗೂ ಕನಿಕರ” ಎಂದರು ಬಂದವರು.

“ಹೇಳೂದ ಬ್ಯಾಡ್ರಿ. ಒಂದು ಉಡಿ ತುಂಬೂ ಕಾರ್ಯಕ್ರಮ ಇಡೂಣು. ಮುತ್ತೈದಿಯರದು. ಅದ ಬಯಲಾಗ. ಆಕಿ ಎಲ್ಲಿ ಕೂಡತಾಳ?” ಎಂದರು ಸಾಹೇಬರು.

ಬಂದವರು ನಗತೊಡಗಿದರು.

“ಹೆಸರ ಎತ್ತಂಗಿಲ್ಲ, ಪಕ್ಷ ಇಲ್ಲ. ಸಂಪ್ರದಾಯ!”

“ಮತ್ತ ರೊಕ್ಕ ಕೊಟ್ಟವರ ಹೆಸರು?” ಎಂದು ಬಂದವರೇ ಮತ್ತೆ ಕೇಳಿದರು.

“ಎಲ್ಲಿಂದ ಬರ್ತೈತ್ರಿ? ಇದು ನೇಕಾರರ ಸಂಘ. ಅಧ್ಯಕ್ಷರ ಗಾಡಿ ಹೊಡ್ಯಾಕತ್ತಾರ” ಎಂದು ಸಾಹೇಬರು ನನ್ನ ಹೆಗಲ ಮೇಲೆ ಕೈ ಇಟ್ಟರು. ಕನ್ನಡಿಯಲ್ಲಿ ಇಬ್ಬರೂ ನನ್ನನ್ನು ನೋಡಿದರು. ನಾನೂ ನಕ್ಕೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ರವಿಕೆಯ ಬಟ್ಟೆಯಾದ ಖಣ, ಇವನ್ನು ಮುತ್ತೈದೆಯ ಸೆರಗಿಗೆ ಹಾಕಿ ಹಣೆಗೆ ಕುಂಕುಮ ಹಚ್ಚುವುದೇ ಉಡಿ ತುಂಬುವುದು. ತವರಿನವರು ಮಗಳಿಗೆ ಮಾಡುವುದು ಅದು. ಉಡಿ ತಂದರೆ ಯಾವ ಹೆಣ್ಣುಮಗಳೂ ಒಲ್ಲೆ ಎನ್ನುವುದಿಲ್ಲ. ತುಂಬಿಸಿಕೊಂಡ ಮೇಲೆ ತುಂಬಿದವರ ಮಾತು ತೆಗೆದುಹಾಕುವುದೂ ಇಲ್ಲ. ಗಂಡ ಸತ್ತವಳಿಗೆ ಮಾತ್ರ ಅದು ಇಲ್ಲ. ಅಕ್ಕ ಇದನ್ನು ಒಪ್ಪುತ್ತಿರಲಿಲ್ಲ. ಪಂಚಮಿಗೆ ತವರಿನಿಂದ ಬಂದ ಉಂಡಿಯನ್ನೂ ಖಣವನ್ನೂ ಮೊದಲು ಎದುರು ಮನೆಗೇ ಒಯ್ಯುತ್ತಿದ್ದಳು.

ಕಾರ್ಯಕ್ರಮದ ಸುದ್ದಿ ಕೇಳಿ ಅಕ್ಕ ಹಿಗ್ಗಿದಳು. ನಾನು ತಂದಿಟ್ಟ ಖಣದ ಗಂಟು ಬಿಚ್ಚಿ ಒಂದನ್ನು ಬೆರಳಿನಲ್ಲಿ ಉಜ್ಜಿದಳು. “ಇದು ನಮ್ಮ ಕಡೆ ನೇಯ್ದದ್ದಲ್ಲಲ್ಲೋ ತಮ್ಮಾ. ನೇಕಾರರ ಉಡಿಗೆ ಹೊರಗಿನ ಅರಿವಿ ಯಾಕ? ಯಾರು ಕೊಟ್ಟಾರ ಇದನ್ನ?”

ಅದೇ ಹೊತ್ತಿಗೆ ಹೇಳಬೇಕಿತ್ತು. ಅವಳೇ ಬಾಗಿಲು ತೆರೆದಿದ್ದಳು. ಹೇಳಿದರೆ ಅವಳು ಅಂದೇ ಸಾಹೇಬರ ಮುಂದೆ ಹೋಗಿ ನಿಲ್ಲುತ್ತಾಳೆ. ಕೆಲಸ ಹೋಗುತ್ತದೆ. ಕೆಲಸ ಹೋದರೂ ಹೆಸರು ಹೋಗುವುದಿಲ್ಲ, ಸಂಘ ನನ್ನದು, ಕಾರ್ಯಕ್ರಮ ನನ್ನದು. ನಾನು ಎತ್ತ ಹೊರಳಿದರೂ ನನ್ನ ಸಹಿಯೇ ನನಗೆ ಅಡ್ಡ ಬರುತ್ತಿತ್ತು.

“ನಮ್ಮ ನೇಕಾರರ ರೊಕ್ಕ ಪಟ್ಟಿ ಹಾಕಿ ಕೂಡಿಸಿ ತಂದದ್ದು. ಇಲ್ಲಿ ನೇಯಸಾಕ ಟೈಮ್ ಇರಲಿಲ್ಲ” ಎಂದೆ.

“ಹಂಗಾರ ಛಲೋ ಆತು” ಎಂದಳು. ನಾನು ಹೇಳಿದ್ದನ್ನು ಅವಳು ಎಂದೂ ಎರಡನೇ ಸಲ ಕೇಳುತ್ತಿರಲಿಲ್ಲ.

ಆ ದಿನ ಬಯಲಿನಲ್ಲಿ ಪೆಂಡಾಲ್ ಹಾಕಿದರು. ನೂಲಿನ ಗಳಗಳನ್ನು ತೆಗೆದು ಒಂದು ಮೂಲೆಗೆ ಒಟ್ಟಿದರು. ಹೆಂಗಸರು ಇಳಕಲ್ ಸೀರೆ ಉಟ್ಟು ಸಾಲು ಸಾಲಾಗಿ ಕುಳಿತರು. ಅಕ್ಕನ ಗೆಳತಿಯೂ ಬಂದರು. ನೇಕಾರರ ಕಾರ್ಯಕ್ರಮ, ತಾವು ಬರದಿದ್ದರೆ ಹೇಗೆ ಎಂದು ಬಂದಿರಬೇಕು. ಅಕ್ಕ ಕೈ ಹಿಡಿದು ಅವರನ್ನು ಮುಂದಿನ ಸಾಲಿಗೆ ಎಳೆದಳು. “ಬಾ ಬೇ, ಇಲ್ಲೇ ಕೂಡು, ನನ್ನ ಕಣ್ಣ ಮುಂದ.” ಅವರು ನಗುತ್ತ ಕುಳಿತರು, ಅಕ್ಕ ಅಕ್ಕಿಯ ತಾಟು ತರಲು ಸ್ಟೇಜಿನ ಹಿಂದೆ ಹೋದಳು.

ಮೈಕು ಹಿಡಿದಿದ್ದ ಕಚೇರಿಯ ಹುಡುಗಿ ಮೃದುವಾಗಿ ಹೇಳಿದಳು: “ಮುತ್ತೈದೆಯರು ಮಾತ್ರ ಸಾಲಿನಲ್ಲಿ ಕುಳಿತುಕೊಳ್ಳಬೇಕಾಗಿ ವಿನಂತಿ.”

ಒಮ್ಮೆ ಹೇಳಿ ಸುಮ್ಮನಾಗಲಿಲ್ಲ. ಅವರು ಏಳುವವರೆಗೂ ಹೇಳಿದಳು. ಆ ಬಯಲಿಗಾಗಿ ಅಲೆದು ಚಪ್ಪಲಿ ಸವೆಸಿದ ಹೆಣ್ಣುಮಗಳು ಎಲ್ಲರ ಕಣ್ಣೆದುರು ಎದ್ದು, ಸೆರಗು ಸರಿ ಮಾಡಿಕೊಂಡು, ಕುಳಿತವರ ನಡುವೆ ದಾರಿ ಮಾಡಿಕೊಳ್ಳುತ್ತ ಹೊರಗೆ ಬಂದರು. ಅಡುಗೆಯ ಪಾತ್ರೆಗಳ ಹತ್ತಿರ, ನನ್ನ ಗಾಡಿಯ ಮಗ್ಗುಲಲ್ಲಿ ನಿಂತರು. ನಾನು ಟೈರು ನೋಡುವವನಂತೆ ಬಾಗಿದೆ.

ಅಕ್ಕ ಸ್ಟೇಜಿನ ಹಿಂದಿನಿಂದ ತಾಟು ಹಿಡಿದು ಬಂದಾಗ ಆ ಜಾಗ ಖಾಲಿ. ನಾಲ್ಕೂ ಕಡೆ ನೋಡಿದಳು. ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು. ಗಾಡಿಯ ಆಚೆ ಬದಿಗೆ ನಿಂತವರು ಅವಳಿಗೆ ಕಾಣಲಿಲ್ಲ.

“ಲೇ ತಮ್ಮಾ, ಅಕಿ ಎಲ್ಲಿ? ಆ ಹುಡುಗಿ ಏನರ ಬಡಕೊಳ್ಳಲಿ, ಮೊದಲ ಉಡಿ ಅಕಿಗೇ ತುಂಬಾಕಿ ನಾನು. ಕರಕೊಂಡ ಬಾ.”

“ಅವರು ಮನಿಗೆ ಹ್ವಾದ್ರು. ಏನೋ ಕೆಲಸ ಐತಂತ” ಎಂದೆ.

ನಾನು ಅಷ್ಟು ಹೇಳುವಾಗ ಅವರು ಗಾಡಿಯ ಆಚೆ ಬದಿಯಲ್ಲೇ ಇದ್ದರು. ಅಕ್ಕ ಕಿವಿಯಲ್ಲಿ ಹೇಳಿದ್ದು ಅವರಿಗೆ ಕೇಳಲಿಲ್ಲ, ನನ್ನ ಮಾತಷ್ಟೇ ಕೇಳಿಸಿಕೊಂಡರು. ಚಪ್ಪಲಿ ಮೆಟ್ಟುವ ಸದ್ದು ನನಗೆ ಕೇಳಿಸಿತು.

ಉಡಿ ತುಂಬಿದ ಮೇಲೆ ಅಕ್ಕನ ಕೈಗೆ ಮೈಕು ಕೊಟ್ಟರು. ಬರೆದುಕೊಟ್ಟ ಎರಡು ಸಾಲು ಅವಳು ಹೇಳಿಕೊಟ್ಟಳು, ಹೆಂಗಸರು ಉಡಿ ಮುಟ್ಟಿ ಹೇಳಿದರು: ನಮ್ಮ ಓಣಿಗೆ ಶುಭವಾಗುವವರನ್ನೇ ನಾವು ಮುಂದೆ ತರುತ್ತೇವೆ. ಅವಳಿಗೆ ಅದು ಹರಕೆಯ ಮಾತಿನಂತೆ ಕೇಳಿಸಿತ್ತು. ಸಾಲಿನಿಂದ ಎದ್ದು ಹೋದವರು ಯಾರೆಂದು ನೋಡಿದ್ದ ಹೆಂಗಸರಿಗೆ ಬೇರೆಯೇ ಕೇಳಿಸಿತು: ಗಂಡ ಸತ್ತವಳು ಓಣಿಗೆ ಶುಭವಲ್ಲ. ಸಂಜೆಯೊಳಗೆ ಆ ವಿಡಿಯೋ ಎಲ್ಲರ ಮೊಬೈಲಿನಲ್ಲಿ ಇತ್ತು.

ಗೆಳತಿ ಸೋತರು. ಹೆಚ್ಚು ವೋಟಿನಿಂದಲ್ಲ, ಆದರೂ ಸೋತರು. ಬಯಲಿನ ಸುತ್ತ ತಗಡು ನಿಂತವು. ಈಗ ಓಣಿಯವರು ನೂಲನ್ನು ಮಾಳಿಗೆಯ ಮೇಲೆ, ಬಾಗಿಲ ಮುಂದೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಒಣಹಾಕುತ್ತಾರೆ. ಬೈಕಿನವರು ಬಣ್ಣದ ನೂಲಿನ ಮೇಲೆ ಧೂಳು ಹಾರಿಸಿಕೊಂಡು ಹೋಗುತ್ತಾರೆ.

ಎದುರು ಮನೆಯ ಬಾಗಿಲು ಅಕ್ಕನಿಗೆ ಮುಚ್ಚಿತು. ಅವಳು ಪಲ್ಯ ಒಯ್ದಳು, ಹಾಗೇ ಹಿಂದಕ್ಕೆ ಬಂತು. ಒಂದು ಸಂಜೆ ನಾನು ಕಟ್ಟೆಯ ಮೇಲಿದ್ದಾಗ ಅಕ್ಕ ನೇರ ಹೋಗಿ ಅವರ ಬಾಗಿಲಲ್ಲಿ ನಿಂತಳು.

“ನಾ ಏನ ಮಾಡೇನಿ, ಹೇಳರ ಹೇಳ ಬೇ!”

“ನೀ ಏನೂ ಮಾಡಿಲ್ಲವ್ವಾ. ಮೈಕ ಹಿಡದಿ ಅಷ್ಟ. ನಿನ್ನ ತಮ್ಮನ ಸಂಘ, ನಿನ್ನ ಕೈಯಾಗಿನ ತಾಟು. ನನ್ನ ಎಬ್ಬಿಸಾಕಂತನ ಕೂಡಿಸಿದ್ರಿ.”

“ನನ್ನ ತಮ್ಮಗ ಹಂಗ ಗೊತ್ತಿದ್ದರ ನನಗ ಹೇಳದ ಇರತಿದ್ದನೇನ? ಅಂವ ಅಂಥಾವ ಅಲ್ಲ. ನನ್ನ ಮಕ್ಕಳ ಮ್ಯಾಲ ಆಣಿ ಮಾಡತೇನಿ!”

ಓಣಿಯಲ್ಲಿ ಮಗ್ಗಗಳು ನಡೆದಿದ್ದವು. ಆ ಗದ್ದಲದಲ್ಲಿಯೂ ನನಗೆ ಒಂದೊಂದು ಅಕ್ಷರ ಕೇಳಿಸಿತು. ಚಹಾದ ಕಪ್ಪು ಕೆಳಗಿಟ್ಟು ಮನೆಗೆ ಹೋದೆ.

ಮರುದಿನ ಸಾಹೇಬರ ಮುಂದೆ ನಿಂತು ನನ್ನ ಹೆಸರು ತೆಗೆಯಿರಿ ಎಂದೆ. ಅವರು ಎಂದಿನಂತೆಯೇ ಕುರ್ಚಿ ತೋರಿಸಿದರು. ನಾನು ಕೂಡಲಿಲ್ಲ. “ತಗೀಬಹುದ್ರಿ. ಆದ್ರ ನಿಮ್ಮ ಕಾಲದಾಗ ಆದದ್ದಕ್ಕ ನೀವ ಉತ್ತರ ಹೇಳಬೇಕಾಗ್ತೈತಿ. ಉಡಿ ಕಾರ್ಯಕ್ರಮ ಯಾರ ಹಣದಾಗ ಆತು ಅಂತ ಕೇಳಿದ್ರ ಏನಂತೀರಿ?” ನನಗೆ ಗೊತ್ತಿಲ್ಲ ಎಂದೆ. “ಅಧ್ಯಕ್ಷರಿಗೇ ಗೊತ್ತಿಲ್ಲೇನ್ರಿ?” ಎಂದು ನಕ್ಕರು. ನಾನು ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಬಸ್ಸಿಗೆ ಬಂದೆ. ಕೆಲಸ ಬಿಟ್ಟೆ. ಹೆಸರು ಅಲ್ಲಿಯೇ ಇದೆ. ಈಗಲೂ ಓಣಿಯಲ್ಲಿ ಗುರುತಿಲ್ಲದ ಜೀಪು ನಿಂತರೆ ನಾನು ಒಳಗೆ ಹೋಗುತ್ತೇನೆ.

ಅದಾದ ಮೇಲೂ ತಿಂಗಳುಗಟ್ಟಲೆ ಅಕ್ಕನಿಗೆ ಹೇಳಲಿಲ್ಲ. ಯಾಕೆ ಕೆಲಸ ಬಿಟ್ಟೆ ಎಂದರೆ ಬೆನ್ನು ನೋವು ಎಂದೆ. ಅವಳು ಎಣ್ಣೆ ಕಾಸಿ ಕಳಿಸಿದಳು. ಅವಳು ಸೊರಗುತ್ತ ಬಂದಳು. ಸೋಬಾನೆಗೆ ಕರೆದರೂ ಹೋಗಲಿಲ್ಲ. ಮಗ್ಗದ ಮುಂದೆ ನಿಂತಾಗ ಕಣ್ಣು ತಾನೇ ಎದುರು ಮನೆಯ ಕಡೆಗೆ ಹೋಗುತ್ತಿತ್ತು. ಅಲ್ಲಿಂದ ಯಾವ ಮಾತೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅವಳ ಶೆಡ್ಡಿನಲ್ಲಿ ಕಂಡಕಿ ಸುತ್ತುತ್ತಿದ್ದೆ. ಅವಳು ಮಗ್ಗ ನಿಲ್ಲಿಸಿ ಬಂದು ಎದುರಿಗೆ ಕುಳಿತಳು. “ತಮ್ಮಾ, ನಾ ತೇರದಾಳಕ್ಕ ಹೋಗಿ ಅಕಿ ತವರಿನವರ ಕಾಲ ಹಿಡೀತೇನಿ. ಅವರರ ಅಕಿಗೆ ಬುದ್ಧಿ ಹೇಳಲಿ. ನೀನೂ ಬಾ. ನಮಗ ಏನೂ ಗೊತ್ತಿರಲಿಲ್ಲ ಅಂತ ನೀನ ಹೇಳು” ಎಂದಳು.

ಮಾಡದ ತಪ್ಪಿಗೆ ಅವಳು ಬೇರೆಯವರ ಕಾಲು ಹಿಡಿಯಲು ಹೊರಟಿದ್ದಳು. ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದಳು. ಅಲ್ಲಿಯೇ ಎಲ್ಲವನ್ನೂ ಹೇಳಿದೆ. ಗಾಡಿಯಲ್ಲಿ ಕೇಳಿದ್ದು, ಖಣದ ಸುಳ್ಳು, ಗಾಡಿಯ ಮಗ್ಗುಲಲ್ಲಿ ಅವರು ನಿಂತಿದ್ದು. ಅವಳು ಅಳಲಿಲ್ಲ, ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದಳು.

“ನನ್ನ ಮುಂದ ಹೇಳಿ ನೀ ಹಗುರ ಆಗಬ್ಯಾಡ. ನಡಿ, ಅಕಿ ಮುಂದ ಹೇಳು.”

ನನ್ನ ರಟ್ಟೆ ಹಿಡಿದು ಓಣಿ ದಾಟಿಸಿದಳು. ಸಣ್ಣವನಿದ್ದಾಗ ಶಾಲೆಗೆ ಹೀಗೇ ಎಳೆದುಕೊಂಡು ಹೋಗುತ್ತಿದ್ದಳು. ಗೆಳತಿ ಬಾಗಿಲಲ್ಲಿ ನೂಲಿನ ಲಡಿ ಬಿಡಿಸುತ್ತಿದ್ದರು. ನಮ್ಮನ್ನು ನೋಡಿ ಎದ್ದರು, ಒಳಗೆ ಹೋಗಲಿಲ್ಲ. ಆಚೀಚೆಯ ಮನೆಯವರು ಹೊರಗೆ ಬಂದು ನಿಂತರು. ಅಕ್ಕ ನನ್ನ ಕೈ ಬಿಟ್ಟಳು. ಎಲ್ಲರಿಗೂ ಕೇಳುವಂತೆ ಹೇಳಿದೆ:

“ಅಕ್ಕಾರ, ನಿಮ್ಮನ್ನ ಸಾಲಿನಿಂದ ಎಬ್ಬಿಸಾಕಂತನ ಆ ಕಾರ್ಯಕ್ರಮ ಇಟ್ಟಿದ್ರು. ನನಗ ಮೊದಲ ಗೊತ್ತಿತ್ತು. ನಮ್ಮಕ್ಕಗ ಗೊತ್ತಿರಲಿಲ್ಲ. ಅಕಿ ನಿಮ್ಮನ್ನ ಕರಕೊಂಡ ಬಾ ಅಂತ ಕಳಿಸಿದ್ಲು, ನೀವು ಹ್ವಾದ್ರಿ ಅಂತ ನಾನ ಸುಳ್ಳ ಹೇಳಿದೆ. ಯಾರ ರೊಕ್ಕ ಅದು ಅಂತ ನನಗ ಈಗೂ ಗೊತ್ತಿಲ್ರಿ, ಆದ್ರ ಸಹಿ ನಂದು. ತಪ್ಪಾತ್ರಿ ಅಕ್ಕಾರ. ಅಕ್ಕಾ, ನಿನಗೂ… ತಪ್ಪಾತವಾ, ನಂದು ತಪ್ಪಾತು.”